ಇಂಗ್ಲಿಷ್‌ನ್ಯಾಗಿನ ದೊಡ್ಡ ಶಬ್ದ ಕಲಿಯೂದು ಹೆಂಗ: ಡೆಫಿನಿಷನ್ ಓದೂದರಿಂದ ಸ್ವಂತ ವಾಕ್ಯ ಬರಿಯೂ ತನಕ

ಧಾರವಾಡದ ಸಪ್ತಾಪುರ, ಜಯನಗರ ಕಡೆ ಒಂದ್ ಸುತ್ತು ಹಾಕಿದ್ರ ಝೆರಾಕ್ಸ್ ಅಂಗಡ್ಯಾಗ "ಸಾವಿರ ಇಂಪಾರ್ಟೆಂಟ್ ವರ್ಡ್ಸ್" ಅನ್ನೋ ನಮೂನಿ ಸ್ಪೈರಲ್ ಬೈಂಡ್ ಮಾಡಿದ ನೋಟ್ಸ್ ಸಿಗ್ತಾವು, ಎಡಕ್ಕ ಇಂಗ್ಲಿಷ್ ಶಬ್ದ, ಬಲಕ್ಕ ಒಂದ ಒಂದು ಕನ್ನಡ ಶಬ್ದ, ಮುಗೀತು. ಅದನ್ನ ಬಾಯಿಪಾಠ ಮಾಡಿದ ಹುಡುಗೂರನ್ನ ಮಿಟಿಗೇಟ್ ಅಂದ್ರೇನಪಾ ಅಂತ ಕೇಳ್ರಿ, ಟಪ್ ಅಂತ "ಶಮನ ಮಾಡು" ಅಂತಾರ. ಅದನ್ನ ಹಾಕಿ ಒಂದ್ ವಾಕ್ಯ ಮಾಡು ಅಂದ್ರ "ಐ ವಿಲ್ ಮಿಟಿಗೇಟ್ ಹಿಮ್" ಅನ್ನೂ ಮಟ್ಟಕ್ಕ ಹೋಗ್ತಾರ. ತಪ್ಪು ಹುಡುಗೂರ್ದಲ್ಲ, ಆ ನೋಟ್ಸ್ ಮಾಡಿದ ರೀತಿದು. ಡೆಫಿನಿಷನ್ ಓದಿದ್ರ ಶಬ್ದದ ಗುರ್ತು ಸಿಗ್ತೈತಿ, ವಾಕ್ಯ ನೋಡಿದ್ರ ಅದು ಹೆಂಗ ನಡೀತೈತಿ ಅನ್ನೂದು ಗೊತ್ತಾಗ್ತೈತಿ, ನಾವ ವಾಕ್ಯ ಬರದ್ರ ಅದು ನಮ್ದಾಗ್ತೈತಿ. ಈ ಮೂರೂ ಇದ ಕ್ರಮದಾಗ ಆಗ್ಬೇಕು, ಒಂದ್ ಬಿಟ್ರೂ ಉಳದದ್ದು ನಿಲ್ಲಂಗಿಲ್ಲ.

ಇದು ಯಾರಿಗೆ ಅಂದ್ರ ಸಾದಾ ಇಂಗ್ಲಿಷ್ ಓದಾಕ ಬರೆಯಾಕ ಬರ್ತೈತಿ, ಆದ್ರ ಪೇಪರ್‌ನ ಎಡಿಟೋರಿಯಲ್ ಓದಾಕ ಕುಂತ್ರ ನಾಕ ಸಾಲಿಗೊಮ್ಮೆ ಎಡವತೇವಿ ಅನ್ನಾವ್ರಿಗೆ. ಎಸ್‌ಎಸ್‌ಸಿ, ಬ್ಯಾಂಕ್, ಯುಪಿಎಸ್‌ಸಿ, ಐಇಎಲ್‌ಟಿಎಸ್ ಏನರ ಇರ್ಲಿ, ಕಲಿಯೂ ರೀತಿ ಒಂದ. ಇಲ್ಲೆ ನಾನು ಇಂಗ್ಲಿಷ್ ಶಬ್ದ, ವಾಕ್ಯ ಎಲ್ಲಾ ಕನ್ನಡ ಅಕ್ಷರದಾಗ ಬರದೇನಿ, ನೀವು ಮಾತ್ರ ನೋಟ್‌ಬುಕ್ಕಿನ್ಯಾಗ ಡಿಕ್ಷನರಿ ನೋಡಿ ಇಂಗ್ಲಿಷ್ ಸ್ಪೆಲ್ಲಿಂಗ್‌ನ್ಯಾಗ ಬರಕೋರಿ, ಇಲ್ಲಂದ್ರ ಕಿವಿಗೆ ಗೊತ್ತಾಗಿ ಕೈಗೆ ಗೊತ್ತಾಗದ ಉಳೀತೈತಿ.

ಮೊದಲನೇ ಹಂತ: ಯಾವ ಶಬ್ದ ಬೇಕು, ಯಾವ್ದು ಬ್ಯಾಡ

ದೊಡ್ಡ ಶಬ್ದ ಅಂದಕೂಡ್ಲೆ ಯಾರೂ ಬಳಸದ ವಿಚಿತ್ರ ಶಬ್ದ ಅಂತ ತಿಳ್ಕೋಬ್ಯಾಡ್ರಿ. ಮೈಕೆಲ್ ವೆಸ್ಟ್ ಅನ್ನಾವ್ರು 1953ರಾಗ ಇಂಗ್ಲಿಷ್‌ನ್ಯಾಗ ಅಗದಿ ಜಾಸ್ತಿ ಕೆಲಸಕ್ಕ ಬರೂ ಸುಮಾರು 2000 ಶಬ್ದದ ಪಟ್ಟಿ ಮಾಡಿದ್ರು. ಅದು ತಳಪಾಯ. ಅದರ ಮ್ಯಾಲ 2000ನೇ ಇಸವಿಯೊಳಗ ಅವೆರಿಲ್ ಕಾಕ್ಸ್‌ಹೆಡ್ ಅನ್ನಾವ್ರು ಕಾಲೇಜ್ ಪುಸ್ತಕ, ಸಂಶೋಧನಾ ಲೇಖನದಾಗ ಪದೇ ಪದೇ ಬರೂ 570 ಶಬ್ದ ಕುಟುಂಬದ ಪಟ್ಟಿ ಕೊಟ್ರು, ಅಕಾಡೆಮಿಕ್ ವರ್ಡ್ ಲಿಸ್ಟ್ ಅಂತಾರ ಅದಕ್ಕ, ನೆಟ್‌ನ್ಯಾಗ ಪುಕ್ಕಟೆ ಸಿಗ್ತೈತಿ. ಕುಟುಂಬ ಅಂದ್ರ ಅನಲೈಸ್, ಅನಾಲಿಸಿಸ್, ಅನಲಿಟಿಕಲ್ ಎಲ್ಲಾ ಸೇರಿ ಒಂದು. ಪೇಪರ್, ಕಾದಂಬರಿ ಡಿಕ್ಷನರಿ ಇಲ್ಲದ ಆರಾಮ ಓದಬೇಕಂದ್ರ ಎಂಟರಿಂದ ಒಂಬತ್ತು ಸಾವಿರ ಕುಟುಂಬ ಗೊತ್ತಿರಬೇಕು ಅಂತ ಪಾಲ್ ನೇಶನ್ ಅನ್ನೋ ಭಾಷಾ ಸಂಶೋಧಕರು 2006ರಾಗ ಲೆಕ್ಕ ಹಾಕಿದ್ರು. ಕೇಳಿ ಹೆದರಬ್ಯಾಡ್ರಿ, ಅರ್ಧಕ್ಕರ್ಧ ನಿಮಗ ಈಗಾಗ್ಲೆ ಗೊತ್ತಿರ್ತೈತಿ.

ಹಂಗಾರ ಶಬ್ದ ಎಲ್ಲಿಂದ ತರೂದು? ನೀವ ಓದಿದ್ದರಿಂದ. ಹಿಂದೂ ಇಲ್ಲಾ ಡೆಕ್ಕನ್ ಹೆರಾಲ್ಡ್‌ನ ಒಂದ್ ಎಡಿಟೋರಿಯಲ್ ತಗೋರಿ, ಪೆನ್ಸಿಲ್ ಹಿಡಕೊಂಡು ಗೊತ್ತಿಲ್ಲದ ಶಬ್ದಕ್ಕ ಅಡಿಗೆರಿ ಹಾಕ್ಕೋತ ಹೋಗ್ರಿ. ನೂರು ಶಬ್ದಕ್ಕ ಐದಕ್ಕಿಂತ ಜಾಸ್ತಿ ಗೆರಿ ಬಿದ್ವು ಅಂದ್ರ ಆ ಲೇಖನ ಸದ್ಯಕ್ಕ ನಿಮಗ ಭಾರ, ಸ್ವಲ್ಪ ಹಗರ ಇದ್ದದ್ದು ಹುಡಕ್ರಿ, ಅದರಾಗ ನಾಚಿಕಿ ಪಡೂದೇನಿಲ್ಲ. ಗೆರಿ ಹಾಕಿದ ಎಲ್ಲಾ ಶಬ್ದನೂ ಕಲಿಯಾಕ ಹೋಗಬ್ಯಾಡ್ರಿ. ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿಯ ವೆಬ್‌ಸೈಟ್‌ನ್ಯಾಗ ಕೆಲವು ಶಬ್ದದ ಬಾಜು ಬಿ2, ಸಿ1 ಅಂತ ಕಲಿಯಾವ್ರ ಮಟ್ಟ ತೋರಸೂ ಗುರ್ತು ಇರ್ತೈತಿ, ಅಂಥಾವನ್ನ ಮೊದಲು ತಗೋರಿ. ಓಲ್ಡ್ ಫ್ಯಾಷನ್ಡ್, ಲಿಟರರಿ ಅಂತ ಬರದಿದ್ರ ಅರ್ಥ ನೋಡಿ ಮುಂದ ನಡೀರಿ. ದಿನಕ್ಕ ಐದು ಶಬ್ದ ಸಾಕು, ನೌಕರಿ ಮಾಡಾವ್ರಿಗೆ ಮೂರಾದ್ರೂ ನಡೀತೈತಿ. ದಿನಕ್ಕ ಐವತ್ತು ಅಂತ ಗೋಡಿಗೆ ಟೈಮ್‌ಟೇಬಲ್ ಹಚ್ಚಿದಾವ್ರು ಎರಡನೇ ವಾರಕ್ಕ ಕೈ ಬಿಟ್ಟಿರ್ತಾರ.

ಎರಡನೇ ಹಂತ: ಡಿಕ್ಷನರಿ ಆರಿಸೂದು

ನಮ್ ಕಡೆ ಡಿಕ್ಷನರಿ ಅಂದ್ರ ಮನ್ಯಾಗ ಯಾವ್ದರ ಒಂದು ದಪ್ಪ ಪುಸ್ತಕ ಇದ್ರ ಆತು ಅನ್ನೂ ಲೆಕ್ಕ. ಆದ್ರ ಇಂಗ್ಲಿಷ್ ಮಂದಿ ತಮ್ಮ ಸಲುವಾಗಿ ಮಾಡಿಕೊಂಡ ಡಿಕ್ಷನರಿ ಬ್ಯಾರೆ, ಇಂಗ್ಲಿಷ್ ಕಲಿಯಾವ್ರ ಸಲುವಾಗಿ ಮಾಡಿದ್ದು ಬ್ಯಾರೆ. ಎರಡನೇದಕ್ಕ ಲರ್ನರ್ಸ್ ಡಿಕ್ಷನರಿ ಅಂತಾರ, ನಿಮಗ ಬೇಕಾದದ್ದು ಅದು. ಎ. ಎಸ್. ಹಾರ್ನ್‌ಬಿ ಅನ್ನಾವ್ರು ಜಪಾನಿನ್ಯಾಗ ಇಂಗ್ಲಿಷ್ ಕಲಸ್ತಿದ್ರು, ಅಲ್ಲಿ ಹುಡುಗೂರಿಗೆ ಅಂತ ತಯಾರಾದ ಡಿಕ್ಷನರಿ 1942ರಾಗ ಜಪಾನಿನ್ಯಾಗ ಬಂತು, ಅದನ್ನ 1948ರಾಗ ಆಕ್ಸ್‌ಫರ್ಡ್‌ನವರು ಹೊರಗ ತಂದ್ರು, ಇವತ್ತಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಅದರ ಮುಂದಿನ ರೂಪ. 1978ರಾಗ ತಮ್ಮ ಲರ್ನರ್ಸ್ ಡಿಕ್ಷನರಿ ತಂದ ಲಾಂಗ್‌ಮನ್‌ನವರು ಇನ್ನೊಂದು ಕಟ್ಟು ಹಾಕ್ಕೊಂಡ್ರು, ಏನಂದ್ರ ಎಂಥಾ ಕಠಿಣ ಶಬ್ದ ಇದ್ರೂ ಅದರ ಅರ್ಥನ ಸುಮಾರು 2000 ಸಾದಾ ಶಬ್ದದೊಳಗ ಹೇಳಿ ಮುಗಿಸಬೇಕು. 1987ರ ಕಾಲಿನ್ಸ್ ಕೋಬಿಲ್ಡ್ ಮತ್ತೂ ಮುಂದ ಹೋಗಿ ಅರ್ಥನ ಪೂರ್ತಿ ವಾಕ್ಯದಾಗ ಹೇಳಾಕ ಶುರು ಮಾಡ್ತು, "ಇಫ್ ಸಮ್‌ಒನ್ ಡಸ್ ದಿಸ್, ದೇ..." ಅನ್ನೂ ಥರ. ಮೂರರದ್ದೂ ವೆಬ್‌ಸೈಟ್ ಫ್ರೀ ಅದಾವು. ನನ್ನ ಕೇಳಿದ್ರ ಮೊದಲು ಲಾಂಗ್‌ಮನ್ ನೋಡ್ರಿ, ಅರ್ಥ ಹಿಡೀಲಿಲ್ಲ ಅಂದ್ರ ಕೋಬಿಲ್ಡ್ ನೋಡ್ರಿ.

ಕನ್ನಡ ಅರ್ಥ ನೋಡಬಾರ್ದೇನು ಅಂತ ಕೇಳ್ತಾರ. ನೋಡ್ರಿ, ಆದ್ರ ಕಡೀಕ. ಇಂಗ್ಲಿಷ್ ಡೆಫಿನಿಷನ್ ಓದಿ, ವಾಕ್ಯ ನೋಡಿ, ನಿಮ್ಮ ತೆಲ್ಯಾಗ ಒಂದು ಅಂದಾಜು ಕುಂತ ಮ್ಯಾಲ ಜಿ. ವೆಂಕಟಸುಬ್ಬಯ್ಯನವರ ಇಂಗ್ಲಿಷ್-ಕನ್ನಡ ನಿಘಂಟು ತಗದು ಹೊಂದ್ತೈತೋ ಇಲ್ಲೋ ತಾಳಿ ಹಾಕಿ ನೋಡ್ರಿ. ಮೊದಲ ಕನ್ನಡ ನೋಡಿದ್ರ ಮನಸ್ಸು ಅಲ್ಲೇ ಕುಂತ ಬಿಡ್ತೈತಿ, ಮುಂದ ಓದಾಕ ಒಲ್ಲೆ ಅಂತೈತಿ. ಕೆಲವರು ಕಿಟೆಲ್ ಡಿಕ್ಷನರಿ ನಡೀತೈತೇನು ಅಂತಾರ, ಧಾರವಾಡದಾಗ ಅವರ ಹೆಸರಿನ ಕಾಲೇಜ ಇರೂದಕ್ಕೋ ಏನೋ. 1894ರ ಆ ನಿಘಂಟು ಕನ್ನಡದಿಂದ ಇಂಗ್ಲಿಷ್‌ಗೆ ಹೋಗೂದು, ಅದರ ದಾರಿ ಉಲ್ಟಾ. ಕನ್ನಡದ ಸಲುವಾಗಿ ಎಷ್ಟ ಹೊತ್ತರ ಓದ್ರಿ, ಈ ಕೆಲಸಕ್ಕಲ್ಲ.

ಮೂರನೇ ಹಂತ: ಡೆಫಿನಿಷನ್ ಓದೂದು

ಇಲ್ಲೆ ಸ್ವಲ್ಪ ನಿಂದರೂಣು, ಯಾಕಂದ್ರ ಎಲ್ಲಾರೂ ಓಡಿ ಹೋಗೂ ಜಾಗಾ ಇದ. ಡೆಫಿನಿಷನ್ ಅಂದ್ರ ಹತ್ತ ಹನ್ನೆರಡು ಶಬ್ದದ ಒಂದ ಸಾಲು, ಆದ್ರ ಅದರಾಗ ಒಂದೂ ಶಬ್ದ ಪುಕ್ಕಟೆ ಹಾಕಿರಂಗಿಲ್ಲ. ಓದೂ ಮುಂದ ಈ ಪ್ರಶ್ನೆ ಕೇಳ್ಕೋರಿ: ಇದು ಯಾವ ಜಾತಿ ಶಬ್ದ, ಯಾವ ದೊಡ್ಡ ಗುಂಪಿಗೆ ಸೇರ್ತೈತಿ, ಆ ಗುಂಪಿನ ಉಳದ ಶಬ್ದಕ್ಕೂ ಇದಕ್ಕೂ ಏನ್ ಫರಕ್, ಮತ್ತ ಹೇಳಾಂವ ಇದನ್ನ ಮೆಚ್ಚಿ ಹೇಳ್ತಾನೋ ಬೈದು ಹೇಳ್ತಾನೋ.

ಮೆಟಿಕ್ಯುಲಸ್ ತಗೋರಿ. ಪ್ರತಿಯೊಂದು ಸಣ್ಣ ಸಣ್ಣ ವಿವರಕ್ಕೂ ಭಾಳ ಲಕ್ಷ್ಯ ಕೊಡೂದು ಅನ್ನೂದು ಅರ್ಥ. ಜಾತಿ ಅಡ್ಜೆಕ್ಟಿವ್. ದೊಡ್ಡ ಗುಂಪು ಕೇರ್‌ಫುಲ್. ಫರಕ್ ಏನಂದ್ರ ಕೇರ್‌ಫುಲ್ ಇದ್ದಾಂವ ಬಿದ್ದೀನಿ ಅಂತ ನೋಡಿ ನಡೀತಾನ, ಮೆಟಿಕ್ಯುಲಸ್ ಇದ್ದಾಂವ ಲೆಕ್ಕದ ಪುಸ್ತಕದಾಗ ಒಂದ್ ಪೈಸಾ ಬಿಡಂಗಿಲ್ಲ. ಭಾವ ಏನು? ಮೆಚ್ಚಿಗಿದು. ಅದ ಮನಷ್ಯಾನ್ನ ಫಸ್ಸಿ ಅಂದ್ರ ಅದ ಗುಣನ ಬೈದಂಗಾತು, ಸಣ್ಣ ವಿಷಯಕ್ಕ ಕಿರಿಕಿರಿ ಮಾಡಾಂವ ಅಂತ. ಈ ಭಾವದ ಫರಕ್ ಒಂದ ಕನ್ನಡ ಶಬ್ದ ಕೊಟ್ಟ ಪಟ್ಟಿಯೊಳಗ ಎಂದೂ ಸಿಗಂಗಿಲ್ಲ. ಫ್ರೂಗಲ್ ಮತ್ತ ಸ್ಟಿಂಜಿ ಹಂಗ, ಎರಡೂ ರೊಕ್ಕ ಕಡಿಮಿ ಖರ್ಚು ಮಾಡಾವ್ರ, ಆದ್ರ ಫ್ರೂಗಲ್ ಅಂದ್ರ ಹಿಡಿತ ಇದ್ದಾಂವ, ಸ್ಟಿಂಜಿ ಅಂದ್ರ ಜುಗ್ಗ. ಬೀಗರ ಮುಂದ ಒಂದ್ ಬದಲಿ ಇನ್ನೊಂದ್ ಹೇಳಿದ್ರ ಮಾತು ಎಲ್ಲಿಗೆ ಹೋಗ್ತೈತಿ ನೀವ ನೋಡ್ರಿ. ಫೇಮಸ್, ನಟೋರಿಯಸ್ ಕಥಿನೂ ಅದ, ನಟೋರಿಯಸ್ ಅಂದ್ರ ಕೆಟ್ಟದ್ದಕ್ಕ ಹೆಸರಾದಾಂವ.

ಫರಕ್ ಎಲ್ಲಿ ಅಡಗಿರ್ತೈತಿ ಅನ್ನೂದಕ್ಕ ಇನ್ನೊಂದು ಜೋಡಿ. ರಿಲಕ್ಟಂಟ್ ಅಂದ್ರ ಒಂದ್ ಕೆಲಸ ಮಾಡಾಕ ಹಿಂದ ಮುಂದ ನೋಡಾಂವ. ರೆಟಿಸೆಂಟ್ ಅಂದ್ರ ಮಾತಾಡಾಕ, ಮನಸಿನ್ಯಾಗಿಂದು ಹೇಳಾಕ ಹಿಂದ ಮುಂದ ನೋಡಾಂವ. ಡೆಫಿನಿಷನ್‌ನ್ಯಾಗ "ಹೇಳೂದು" ಅನ್ನೂ ಒಂದ ಶಬ್ದ ಜಾಸ್ತಿ ಇರ್ತೈತಿ, ಅದ ಫರಕ್, ಅದರ ಕೆಳಗ ಗೆರಿ ಹೊಡೀರಿ.

ಆಮ್ಯಾಲ ಒಂದ ಶಬ್ದಕ್ಕ ಎರಡ್ಮೂರು ಅರ್ಥ ಇದ್ರ ಎಲ್ಲಾ ಓದ್ರಿ, ಮೊದಲನೇದ್ದ ಓದಿ ಡಿಕ್ಷನರಿ ಮುಚ್ಚಬ್ಯಾಡ್ರಿ. ನಮ್ ಕಡೆ ಸ್ಯಾಂಕ್ಷನ್ ಅಂದ್ರ ಎಲ್ಲಾರಿಗೂ ಗೊತ್ತು, ಲೋನ್ ಸ್ಯಾಂಕ್ಷನ್ ಆತು, ಮನಿ ಸ್ಯಾಂಕ್ಷನ್ ಆತು ಅಂತೇವಿ, ಒಪ್ಪಿಗಿ ಸಿಕ್ತು ಅಂತ. ಅದ ಪೇಪರ್‌ನ ವಿದೇಶಿ ಸುದ್ದಿ ಪುಟದಾಗ ಅಮೆರಿಕಾ ಯಾವ್ದೋ ದೇಶದ ಮ್ಯಾಲ ಸ್ಯಾಂಕ್ಷನ್ಸ್ ಹಾಕ್ತು ಅಂತ ಬಂದ್ರ ಅದು ನಿರ್ಬಂಧ, ಶಿಕ್ಷಾ. ಓವರ್‌ಸೈಟ್ ಅನ್ನೂದೂ ಹಂಗ, ಮೇಲ್ವಿಚಾರಣಿ ಅಂತನೂ ಆಗ್ತೈತಿ, ಕಣ್ಣು ತಪ್ಪಿ ಆದ ತಪ್ಪು ಅಂತನೂ ಆಗ್ತೈತಿ. ಯಾವ ಅರ್ಥ ಅನ್ನೂದನ್ನ ಅಕ್ಕಪಕ್ಕದ ಶಬ್ದ ಹೇಳ್ತಾವು, ಶಬ್ದ ಒಂದ ಹೇಳಂಗಿಲ್ಲ.

ಓದಿದ್ದು ಆತು ಅಂದ್ರ ಡಿಕ್ಷನರಿ ಮುಚ್ಚಿ, ನಿಮ್ಮ ಮಾತಿನ್ಯಾಗ ಹೊಳ್ಳಿ ಹೇಳ್ರಿ, ಮೊದಲು ಕನ್ನಡದಾಗ ಆಮ್ಯಾಲ ಸಾದಾ ಇಂಗ್ಲಿಷ್‌ನ್ಯಾಗ. ಮನ್ಯಾಗ ಎಂಟನೇತ್ತೆ ಓದೂ ತಮ್ಮನೋ ತಂಗಿನೋ ಇದ್ರ ಅವರಿಗೆ ಹೇಳ್ರಿ. ಅವರು "ಅಂದ್ರೇನು?" ಅಂತ ಹೊಳ್ಳಿ ಕೇಳಿದ್ರ ನಿಮಗ ಇನ್ನೂ ಪೂರ್ತಿ ತಿಳದಿಲ್ಲ ಅಂತ ತಿಳ್ಕೋರಿ.

ನಾಕನೇ ಹಂತ: ಎಕ್ಸಾಂಪಲ್ ವಾಕ್ಯ

ಡೆಫಿನಿಷನ್ ಕೆಳಗ ಇಟಾಲಿಕ್ಸ್‌ನ್ಯಾಗ ಸಣ್ಣಗ ಬರದಿರ್ತಾರಲ್ಲ ವಾಕ್ಯ, ಅವನ್ನ ಯಾರೂ ಓದಂಗಿಲ್ಲ, ಖರೇ ಮಾಲು ಇರೂದ ಅಲ್ಲೆ. ಮನಷ್ಯಾರಂಗ ಶಬ್ದಕ್ಕೂ ಬೀಗರು ಇರ್ತಾರ, ಎಲ್ಲಾ ಶಬ್ದನೂ ಎಲ್ಲಾರ ಜೋಡಿ ಬೀಗತನ ಮಾಡಂಗಿಲ್ಲ. ಇದಕ್ಕ ಇಂಗ್ಲಿಷ್‌ನ್ಯಾಗ ಕಾಲೊಕೇಶನ್ ಅಂತಾರ. ಮಿಟಿಗೇಟ್ ಪಕ್ಕಕ್ಕ ರಿಸ್ಕ್, ಇಂಪ್ಯಾಕ್ಟ್, ಎಫೆಕ್ಟ್, ಡ್ಯಾಮೇಜ್ ಬರ್ತಾವು. ಮನಷ್ಯಾ ಬರಂಗಿಲ್ಲ. ಅದಕ್ಕ "ಐ ವಿಲ್ ಮಿಟಿಗೇಟ್ ಹಿಮ್" ಅನ್ನೂದು ಗ್ರಾಮರ್ ಪ್ರಕಾರ ಸರಿ ಕಂಡ್ರೂ ಇಂಗ್ಲಿಷ್ ಅಲ್ಲ. "ಕ್ರಾಪ್ ಇನ್ಶುರೆನ್ಸ್ ಮಿಟಿಗೇಟ್ಸ್ ದ ಇಂಪ್ಯಾಕ್ಟ್ ಆಫ್ ಡ್ರೌಟ್ ಆನ್ ಸ್ಮಾಲ್ ಫಾರ್ಮರ್ಸ್" ಅಂದ್ರ ಸರಿ, ಬರ ಹೋಗ್ಲಿಲ್ಲ, ಬರದ ಹೊಡತ ಕಡಿಮಿ ಆತು.

ವಾಕ್ಯದಾಗ ಮೂರು ನೋಡ್ರಿ. ಮೊದಲು ಮುಂದ ಹಿಂದ ಯಾವ ನೌನ್ ಐತಿ. ಎರಡನೇದು ಪ್ರಿಪೊಸಿಶನ್ ಯಾವ್ದು: ಕಂಪ್ಲೈ ವಿಥ್, ಅವರ್ಸ್ ಟು, ಡಿಪ್ರೈವ್ಡ್ ಆಫ್, ಕಮೆನ್ಸುರೇಟ್ ವಿಥ್. ಕನ್ನಡದಾಗ ವಿಭಕ್ತಿ ಶಬ್ದಕ್ಕ ಅಂಟಿಕೊಂಡ ಬರ್ತೈತಿ, ಇಂಗ್ಲಿಷ್‌ನ್ಯಾಗ ಬ್ಯಾರೆ ನಿಂದರತೈತಿ, ಅದಕ್ಕ ನಾವು ಅದನ್ನ ಶಬ್ದದ ಭಾಗ ಅಂತ ತಿಳ್ಕೊಳ್ಳೂದ ಇಲ್ಲ. ತಿಳ್ಕೋಬೇಕು, ಕಂಪ್ಲೈ ಅಂತ ಬರೀಬ್ಯಾಡ್ರಿ, ಕಂಪ್ಲೈ ವಿಥ್ ಅಂತ ಜೋಡಿ ಮಾಡೇ ನೋಟ್‌ಬುಕ್ಕಿಗೆ ಹಾಕ್ರಿ. ಮೂರನೇದು ಎಂಥಾ ಸಂದರ್ಭ: ಕೋರ್ಟಿಂದೋ, ಆಸ್ಪತ್ರಿದೋ, ದಿನಾ ಮಾತಾಡೂದೋ.

ಪ್ರತಿ ಶಬ್ದಕ್ಕ ಎರಡು ವಾಕ್ಯ ಬ್ಯಾರೆಯವರ್ದು ಕೂಡಿಸ್ರಿ, ಒಂದು ಡಿಕ್ಷನರಿದು, ಒಂದು ನೀವು ಓದಿದ ಪೇಪರ್‌ದು. ಎಂಥಾ ವಾಕ್ಯ ಆರಿಸಬೇಕಂದ್ರ ಆ ಶಬ್ದ ಮುಚ್ಚಿದ್ರೂ ಉಳದ ವಾಕ್ಯದಿಂದ ಅರ್ಥ ಊಹೆ ಮಾಡಾಕ ಬರಬೇಕು. "ಶಿ ಈಸ್ ಮೆಟಿಕ್ಯುಲಸ್" ಅನ್ನೂದು ಕೆಲಸಕ್ಕ ಬಾರದ ವಾಕ್ಯ, ಅಲ್ಲಿ ಬ್ಯೂಟಿಫುಲ್ ಹಾಕಿದ್ರೂ ನಡೀತೈತಿ. "ಶಿ ಈಸ್ ಸೋ ಮೆಟಿಕ್ಯುಲಸ್ ದ್ಯಾಟ್ ಶಿ ಚೆಕ್ಸ್ ಎವ್ರಿ ಬಿಲ್ ಟ್ವೈಸ್ ಬಿಫೋರ್ ಕ್ಲೋಸಿಂಗ್ ದ ಶಾಪ್" ಅಂದ್ರ ವಾಕ್ಯದೊಳಗ ಅರ್ಥ ಕುಂತೈತಿ.

ಐದನೇ ಹಂತ: ನಿಮ್ಮ ಊರಿನ ವಾಕ್ಯ

ಮೂರನೇ ವಾಕ್ಯ ನಿಮ್ದು. ಇದನ್ನ ಬಿಟ್ಟಾವ್ರು ಭಾಳ, ಬ್ಯಾಸರ ಬರ್ತೈತಿ ಅಂತ. ಆದ್ರ ಲಂಡನ್ನು, ಟಾಮ್, ಮೇರಿ ಅಂತ ಬರದ್ರ ಬ್ಯಾಸರ ಬರದ ಏನಾಗ್ತೈತಿ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಹಾಕಿ ಬರೀರಿ, ಕಣ್ಣ ಮುಂದ ಇರೂದರ ಬಗ್ಗೆ ಬರದದ್ದು ಮರಿಯಂಗಿಲ್ಲ. ಕೆಲವು ಮಾಡಿ ತೋರಸ್ತೀನಿ.

ಬಿಲೈ. ಹೊರಗ ಕಾಣೂದು ಖರೇ ಸಂಗತಿಯನ್ನ ಮುಚ್ಚಿಟ್ಟು ತಪ್ಪು ಕಲ್ಪನಾ ಕೊಡೂದು ಅಂತ ಅರ್ಥ, ವರ್ಬ್, ಫಾರ್ಮಲ್. ನಮ್ ಹಾವೇರಿ ಜಿಲ್ಲಾಕ್ಕ ಇದರಷ್ಟು ಹೊಂದೂ ಶಬ್ದ ಇನ್ನೊಂದಿಲ್ಲ: "ದ ಡೀಪ್ ರೆಡ್ ಕಲರ್ ಆಫ್ ದ ಬ್ಯಾಡಗಿ ಚಿಲ್ಲಿ ಬಿಲೈಸ್ ಇಟ್ಸ್ ಮೈಲ್ಡ್ ಟೇಸ್ಟ್." 2011ರಾಗ ಜಿಐ ಟ್ಯಾಗ್ ಸಿಕ್ಕ ಮೆಣಸಿನಕಾಯಿ, ಬಣ್ಣ ನೋಡಿದ್ರ ಬಾಯಿ ಸುಡ್ತೈತಿ ಅನ್ನಿಸ್ತೈತಿ, ತಿಂದ್ರ ಅಷ್ಟ ಖಾರ ಇರಂಗಿಲ್ಲ. ಈ ವಾಕ್ಯ ಒಂದ್ ಸಲ ಬರದ್ರ ಬಿಲೈ ಅನ್ನೂದು ಮತ್ತ ಮರಿಯೂ ಪ್ರಶ್ನೆನ ಇಲ್ಲ.

ಪ್ರೊಟ್ರ್ಯಾಕ್ಟೆಡ್. ಬೇಕಾದದ್ದಕ್ಕಿಂತ, ಅನ್ಕೊಂಡದ್ದಕ್ಕಿಂತ ಭಾಳ ದಿನ ಎಳದದ್ದು. ಡಿಸ್ಪ್ಯೂಟ್, ವಾರ್, ನೆಗೋಷಿಯೇಷನ್ಸ್ ಇವು ಇದರ ಬೀಗರು. "ದ ಮಹದಾಯಿ ಡಿಸ್ಪ್ಯೂಟ್ ಹ್ಯಾಸ್ ಬೀನ್ ಸೋ ಪ್ರೊಟ್ರ್ಯಾಕ್ಟೆಡ್ ದ್ಯಾಟ್ ಈವನ್ ದ ಟ್ರಿಬ್ಯೂನಲ್ ಅವಾರ್ಡ್ ಆಫ್ 2018 ಡಿಡ್ ನಾಟ್ ಎಂಡ್ ಇಟ್." ನರಗುಂದ, ನವಲಗುಂದದಾವ್ರಿಗೆ ಇದರ ಅರ್ಥ ಬಿಡಿಸಿ ಹೇಳೂದು ಬ್ಯಾಡ. ಲಾಂಗ್ ಅಂದ್ರ ಬರೇ ಉದ್ದ, ಪ್ರೊಟ್ರ್ಯಾಕ್ಟೆಡ್‌ದಾಗ ಸಾಕಾಗಿ ಹೋದ ಭಾವ ಐತಿ.

ಎಕ್ಲಿಪ್ಸ್. ಗ್ರಹಣ ಅಂತ ಎಲ್ಲಾರಿಗೂ ಗೊತ್ತು. ವರ್ಬ್ ಆದಾಗ ಇನ್ನೊಬ್ಬರನ್ನ ಮೀರಿಸಿ ಅವರ ಮಹತ್ವ ಕಡಿಮಿ ಮಾಡೂದು. "ಇನ್ 2023 ಹುಬ್ಬಳ್ಳೀಸ್ 1507 ಮೀಟರ್ ಪ್ಲಾಟ್‌ಫಾರ್ಮ್ ಎಕ್ಲಿಪ್ಸ್ಡ್ ದ ರೆಕಾರ್ಡ್ ಆಫ್ ಗೋರಖ್‌ಪುರ್." ಗೋರಖ್‌ಪುರದ್ದು 1366 ಮೀಟರ್ ಇತ್ತು. ಆ ಪ್ಲಾಟ್‌ಫಾರ್ಮಿನ ಒಂದ್ ತುದಿಯಿಂದ ಇನ್ನೊಂದ್ ತುದಿಗೆ ಸಾಮಾನ್ ಹೊತ್ತು ನಡದಾವ್ರು ಈ ಶಬ್ದದ ಜೋಡಿ ಇನ್ನೂ ಎರಡು ಶಬ್ದ ಕಲತಿರ್ತಾರ, ಇರ್ಲಿ.

ಇನ್‌ಸೆಸಂಟ್, ಇಂಟರ್‌ಮಿಟಂಟ್. ಮೊದಲನೇದು ನಡುವ ಬಿಡುವ ಇಲ್ಲದ್ದು, ಆಷಾಢದಾಗ ಧಾರವಾಡದ ಜಿಟಿಜಿಟಿ ಮಳಿ: "ಇನ್‌ಸೆಸಂಟ್ ರೇನ್ ಕೆಪ್ಟ್ ದ ಚಿಲ್ಡ್ರನ್ ಇಂಡೋರ್ಸ್ ಆಲ್ ವೀಕ್." ಎರಡನೇದು ಬಂದು ಬಂದು ನಿಲ್ಲೂದು, ನಳದ ನೀರಿನಂಗ: "ಹೌಸಸ್ ವಿಥ್ ಇಂಟರ್‌ಮಿಟಂಟ್ ವಾಟರ್ ಸಪ್ಲೈ ನೀಡ್ ಬಿಗ್ ಟ್ಯಾಂಕ್ಸ್." ಎಂಟು ದಿನಕ್ಕೊಮ್ಮೆ ನೀರು ಹಿಡದು ಬೆಳದಾವ್ರಿಗೆ ಇದು ಪಕ್ಕಾ ನೆನಪಿರ್ತೈತಿ.

ಈ ಜೋಡಿ ಕೊಟ್ಟೇನಿ ಅಂತ ಇವೆರಡನ್ನೂ ಒಂದ ದಿನ ಕಲಿಯಾಕ ಹೋಗಬ್ಯಾಡ್ರಿ. ಸಮೀಪದ ಅರ್ಥದ್ದು, ವಿರುದ್ಧ ಅರ್ಥದ್ದು ಎರಡು ಹೊಸಾ ಶಬ್ದ ಒಂದ ಸಲ ತೆಲ್ಯಾಗ ಹೊಕ್ರ ಯಾವ್ದು ಯಾವ್ದಂತ ಗೊಂದಲ ಆಗ್ತೈತಿ, ಇದು ಸಂಶೋಧನಾದಾಗೂ ಕಂಡದ್ದು. ಒಂದು ಗಟ್ಟಿ ಆಗ್ಲಿ, ವಾರ ಎರಡ್ ವಾರ ಬಿಟ್ಟು ಇನ್ನೊಂದು ತಂದು ಬಾಜು ಇಡ್ರಿ. ಕೋಚಿಂಗ್ ನೋಟ್ಸಿನ್ಯಾಗ ಸಿನೊನಿಮ್ಸ್ ಅಂತ ಎಂಟ್ಹತ್ತು ಒಂದ ಸಾಲಿನ್ಯಾಗ ಬರದಿರ್ತಾರಲ್ಲ, ಅದು ಗೊತ್ತಿದ್ದದ್ದು ರಿವಿಜನ್ ಮಾಡಾಕ ಚಲೋ, ಹೊಸದಾಗಿ ಕಲಿಯಾಕ ಕೆಟ್ಟ ರೀತಿ.

ನೀವು ಬರದ ವಾಕ್ಯ ಸರಿನೋ ತಪ್ಪೋ ಹೆಂಗ ಗೊತ್ತಾಗಬೇಕು? ಇಂಗ್ಲಿಷ್ ಚಲೋ ಇದ್ದ ಒಬ್ಬರು ಮಾಸ್ತರ್ರು, ಅಕ್ಕಾರು ಸಿಕ್ರ ವಾರಕ್ಕೊಮ್ಮೆ ತೋರಸ್ರಿ. ಸಿಗ್ಲಿಲ್ಲಂದ್ರ ಶಬ್ದ ಮತ್ತ ಅದರ ಬಾಜುದ್ದು, ಎರಡ್ಮೂರು ಶಬ್ದದ ತುಂಡನ್ನ ಡಬಲ್ ಕೋಟ್ ಒಳಗ ಹಾಕಿ ಗೂಗಲ್ ಮಾಡ್ರಿ. ಚಲೋ ಪೇಪರ್, ಪುಸ್ತಕದಾಗ ಆ ತುಂಡು ಸಿಕ್ರ ಅಡ್ಡಿಯಿಲ್ಲ, ಎಲ್ಲೂ ಸಿಗ್ಲಿಲ್ಲಂದ್ರ ಬದಲಿ ಮಾಡ್ರಿ.

ಆರನೇ ಹಂತ: ಕಿವಿ

ಸಣ್ಣ ಹಂತ, ಆದ್ರ ಇಂಟರ್‌ವ್ಯೂದಾಗ ಮರ್ಯಾದಿ ಉಳಸೂದು ಇದ. ಡಿಕ್ಷನರಿ ವೆಬ್‌ಸೈಟ್‌ನ್ಯಾಗ ಸ್ಪೀಕರ್ ಗುರ್ತು ಒತ್ತಿ ಕೇಳಿ ಮೂರ್ನಾಕು ಸಲ ಜೋರ್ ಹೇಳ್ರಿ. ಇಂಗ್ಲಿಷ್‌ನ್ಯಾಗ ಬರದಂಗ ಓದೂದಿಲ್ಲ. ಸೂಕ್ಷ್ಮ ಅನ್ನೂ ಅರ್ಥದ ಶಬ್ದದಾಗ ಬಿ ಅಕ್ಷರ ಐತಿ, ಆದ್ರ ಅನ್ನೂದು ಸಟಲ್. ಆರೋಪ ಹೊರಸೂದಕ್ಕ ನಡುವ ಸಿ ಐತಿ, ಅನ್ನೂದು ಇಂಡೈಟ್. ಎಪಿಟೋಮ್ ಅಲ್ಲ ಎಪಿಟಮಿ, ಹೈಪರ್‌ಬೋಲ್ ಅಲ್ಲ ಹೈಪರ್ಬಲಿ. ಕನ್ನಡ ಓದಿ ರೂಢಿ ಆದಾವ್ರು ಎಲ್ಲಾ ಅಕ್ಷರಕ್ಕೂ ಒಂದ ತೂಕ ಕೊಡ್ತೇವಿ, ಇಂಗ್ಲಿಷ್‌ನ್ಯಾಗ ಒಂದ್ ಸಿಲೆಬಲ್ ಮ್ಯಾಲ ಒತ್ತು ಬೀಳ್ತೈತಿ, ಯಾವ್ದರ ಮ್ಯಾಲ ಅಂತ ಸಣ್ಣ ಗುರ್ತು ಹಾಕ್ಕೋರಿ.

ಏಳನೇ ಹಂತ: ಬೇರು, ಉಪಸರ್ಗ

ಸಂಸ್ಕೃತ ಸ್ವಲ್ಪ ಓದಿದಾವ್ರಿಗೆ ಇದು ಹೊಸಾದಲ್ಲ. ಹಾರ ಅನ್ನೂದಕ್ಕ ಮುಂದ ಪ್ರ ಹಚ್ಚಿದ್ರ ಪ್ರಹಾರ, ಆ ಹಚ್ಚಿದ್ರ ಆಹಾರ, ಸಂ ಹಚ್ಚಿದ್ರ ಸಂಹಾರ, ವಿ ಹಚ್ಚಿದ್ರ ವಿಹಾರ. ಇಂಗ್ಲಿಷ್‌ಗೆ ಲ್ಯಾಟಿನ್ ಇದ ಕೆಲಸ ಮಾಡ್ತೈತಿ. ಸ್ಪೆಕ್ಟ್ ಅಂದ್ರ ನೋಡೂದು: ಇನ್‌ಸ್ಪೆಕ್ಟ್ ಒಳಹೊಕ್ಕು ನೋಡೂದು, ರೆಟ್ರೋಸ್ಪೆಕ್ಟ್ ಹಿಂದ ಹೊಳ್ಳಿ ನೋಡೂದು, ಸರ್ಕಮ್‌ಸ್ಪೆಕ್ಟ್ ಅಂದ್ರ ಸುತ್ತಲೂ ನೋಡಿ ಹೆಜ್ಜಿ ಇಡಾಂವ. ಡಿಕ್ಟ್ ಅಂದ್ರ ಹೇಳೂದು: ಪ್ರಿಡಿಕ್ಟ್, ಕಾಂಟ್ರಡಿಕ್ಟ್, ವರ್ಡಿಕ್ಟ್. ಬೆನೆ ಒಳ್ಳೇದು, ಮ್ಯಾಲ್ ಕೆಟ್ಟದ್ದು, ಬೆನೆವೊಲೆಂಟ್, ಮೆಲೆವೊಲೆಂಟ್.

ಆದ್ರ ಬೇರಿನ ಮ್ಯಾಲ ಭಾಳ ಭಾರ ಹಾಕಬ್ಯಾಡ್ರಿ. ಇನ್ ಬಂದ್ರ ಇಲ್ಲ ಅಂತ ಅರ್ಥ ಅನ್ಕೊಂಡು ಇನ್‌ಫ್ಲೇಮಬಲ್ ಅಂದ್ರ ಬೆಂಕಿ ಹತ್ತಂಗಿಲ್ಲ ಅಂದಾವ್ರು ಪೆಟ್ರೋಲ್ ಟ್ಯಾಂಕರ್ ಮ್ಯಾಲ ಅದನ್ನ ಯಾಕ ಬರದಿರ್ತಾರ ಅಂತ ವಿಚಾರ ಮಾಡ್ರಿ, ಅದರರ್ಥ ಲಗೂನ ಬೆಂಕಿ ಹತ್ತತೈತಿ ಅಂತ. ಇನ್‌ವ್ಯಾಲ್ಯುಅಬಲ್ ಅಂದ್ರ ಬೆಲಿ ಇಲ್ಲದ್ದಲ್ಲ, ಬೆಲಿ ಕಟ್ಟಾಕ ಆಗದಷ್ಟು ದೊಡ್ಡದು. ಬೇರು ನೆನಪಿಡಾಕ ಇರ್ಲಿ, ಅರ್ಥಕ್ಕ ಡಿಕ್ಷನರಿ ಇರ್ಲಿ.

ಎಂಟನೇ ಹಂತ: ಬಳಸೂದು

ಪ್ರತಿ ರವಿವಾರ ಆ ವಾರದ ಶಬ್ದದಾಗ ಆರೇಳು ತಗೊಂಡು ಒಂದ ವಿಷಯದ ಮ್ಯಾಲ ಒಂದ್ ಪ್ಯಾರಾ ಬರೀರಿ, ಚಿಗರಿ ಬಸ್ ಆಗ್ಲಿ, ಉಣಕಲ್ ಕೆರಿ ಆಗ್ಲಿ. ಎಲ್ಲಾ ಶಬ್ದ ತುರುಕಾಕ ಹೋಗಬ್ಯಾಡ್ರಿ, ಹೊಂದಿದ್ದಷ್ಟ ಹಾಕ್ರಿ. ಮಾತಿನ್ಯಾಗೂ ಅಷ್ಟ, ಗೆಳ್ಯಾರ ಜೋಡಿ ಗಿರಮಿಟ್ ತಿನ್ನೂ ಮುಂದ ಎಲ್ಲಾ ಕಡೆ ಸಿಗ್ತೈತಿ ಅನ್ನೂ ಬದಲಿ ಯುಬಿಕ್ವಿಟಸ್ ಅಂದ್ರ ಅವರು ನಿಮ್ಮನ್ನ ಹೆಂಗ ನೋಡ್ತಾರ ನಾ ಹೇಳಬೇಕಾಗಿಲ್ಲ. ಫಾರ್ಮಲ್ ಅಂತ ಡಿಕ್ಷನರ್‍ಯಾಗ ಬರದಿದ್ದದ್ದು ಅರ್ಜಿ, ಪ್ರಬಂಧ, ರಿಪೋರ್ಟ್‌ಗೆ.

ಪರೀಕ್ಷಾದಾವ್ರಿಗೆ ಒಂದ್ ಮಾತು. ಕ್ಲೋಜ್ ಟೆಸ್ಟ್, ಅಂದ್ರ ಖಾಲಿ ಜಾಗಾ ತುಂಬೂ ಪ್ಯಾಸೇಜ್‌ದಾಗ, ನಾಕ ಆಪ್ಶನ್‌ನ್ಯಾಗ ಎರಡರ ಅರ್ಥ ಹೆಚ್ಚುಕಡಿಮಿ ಒಂದ ಇರ್ತೈತಿ. ಬರೇ ಅರ್ಥ ಗೊತ್ತಿದ್ದಾಂವ ಅಲ್ಲಿ ಸಿಕ್ಕೋತಾನ, ಬೀಗರು ಯಾರು ಅಂತ ಗೊತ್ತಿದ್ದಾಂವ ಪಾರಾಗ್ತಾನ. ಖಾಲಿ ಜಾಗಾದ ಮುಂದ ವಿಥ್ ಇದ್ರ ಓಬೆ ಹೊಂದಂಗಿಲ್ಲ, ಕಂಪ್ಲೈ ಹೊಂದತೈತಿ, ಅರ್ಥ ಎರಡರದ್ದೂ ಪಾಲಿಸೂದು ಅಂತ ಇದ್ರೂನೂ.

ಒಂಬತ್ತನೇ ಹಂತ: ಮರಿಯದಂಗ ನೋಡೂದು

ಹರ್ಮನ್ ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ವಿಜ್ಞಾನಿ ತನ್ನ ಮ್ಯಾಲ ತಾನ ಪ್ರಯೋಗ ಮಾಡಿ 1885ರಾಗ ಬರದ, ಕಲತದ್ದರಾಗ ಹೆಚ್ಚಿಂದು ಮೊದಲ ಒಂದೆರಡು ದಿನದಾಗ ಹೋಗ್ತೈತಿ, ಉಳದದ್ದು ಸಾವಕಾಶ ಹೋಗ್ತೈತಿ ಅಂತ. ಅದಕ್ಕ ಮೊದಲು ಲಗೂ ಲಗೂ, ಆಮ್ಯಾಲ ದಿನ ಬಿಟ್ಟು ಬಿಟ್ಟು ಹೊಳ್ಳಿ ನೋಡಬೇಕು. ಸೆಬಾಸ್ಟಿಯನ್ ಲೈಟ್ನರ್ ಅನ್ನಾವ್ರು 1972ರಾಗ ಇದಕ್ಕ ಒಂದು ಡಬ್ಬಿ ಪದ್ಧತಿ ಹೇಳಿದ್ರು. ನಮ್ ಕಡೆ ಡಬ್ಬಿಗೇನ್ ಬರಗಾಲಿಲ್ಲ, ಖಾಲಿ ಪೇಡೆ ಡಬ್ಬಿ ನಾಕೈದು ತಗೋರಿ, ದಪ್ಪ ಕಾಗದ ಕತ್ತರಿಸಿ ಕಾರ್ಡ್ ಮಾಡ್ರಿ.

ಕಾರ್ಡಿನ ಮುಂದ ನಿಮ್ಮ ಸ್ವಂತ ವಾಕ್ಯ, ಶಬ್ದದ ಜಾಗಾ ಖಾಲಿ ಬಿಟ್ಟು, ಬಾಜು ಮೊದಲನೇ ಅಕ್ಷರ ಅಷ್ಟ. ಹಿಂದ ಶಬ್ದ, ಡೆಫಿನಿಷನ್, ಎರಡು ಬೀಗರು. ಮುಂದ ಶಬ್ದ ಹಿಂದ ಅರ್ಥ ಬರದ್ರ ನೋಡಿದಾಗ ಗುರ್ತ ಹಿಡಿಯಾಕ ಬರ್ತೈತಿ ಖರೆ, ಬೇಕಾದಾಗ ಬಾಯಿಗೆ ಬರಂಗಿಲ್ಲ. ಹೊಸಾ ಕಾರ್ಡ್ ಎಲ್ಲಾ ಮೊದಲನೇ ಡಬ್ಬಿಗೆ, ಅದನ್ನ ದಿನಾ ನೋಡ್ರಿ. ಸರಿ ಹೇಳಿದ್ರ ಎರಡನೇ ಡಬ್ಬಿಗೆ, ಅದು ಮೂರು ದಿನಕ್ಕೊಮ್ಮೆ. ಮತ್ತ ಸರಿ ಆದ್ರ ಮೂರನೇದಕ್ಕ, ವಾರಕ್ಕೊಮ್ಮೆ, ಆಮ್ಯಾಲ ಹದಿನೈದು ದಿನ, ಕಡೀಕ ತಿಂಗಳಿಗೊಮ್ಮೆ. ಎಲ್ಲಿ ತಪ್ಪಿದ್ರೂ ಹೊಳ್ಳಿ ಮೊದಲನೇ ಡಬ್ಬಿಗೆ, ದಯಾ ದಾಕ್ಷಿಣ್ಯ ಇಲ್ಲ. ಫೋನ್‌ನ್ಯಾಗ ಮಾಡಾವ್ರಿಗೆ ಆಂಕಿ ಅನ್ನೂ ಆ್ಯಪ್ ಐತಿ, ಆಂಡ್ರಾಯ್ಡ್‌ನ್ಯಾಗ ಪುಕ್ಕಟೆ, ಯಾವ ಕಾರ್ಡ್ ಯಾವತ್ತು ಅನ್ನೂ ಲೆಕ್ಕ ಅದ ಇಟ್ಕೋತೈತಿ. ಬ್ಯಾರೆಯವರು ಮಾಡಿದ ಸಾವಿರಗಟ್ಲೆ ಕಾರ್ಡಿನ ಡೆಕ್ ಅದರಾಗ ಸಿಗ್ತಾವು, ಇಳಿಸ್ಕೋಬ್ಯಾಡ್ರಿ, ಸ್ಪೈರಲ್ ಬೈಂಡ್ ನೋಟ್ಸು ಫೋನಿಗೆ ಬಂದಂಗ ಅಷ್ಟ ಆಗ್ತೈತಿ.

ಮನ್ಯಾಗ ಮದುವಿ, ಜಾತ್ರಿ, ಸುಗ್ಗಿ ಅಂತ ಎಂಟ್ಹತ್ತು ದಿನ ಬಿಟ್ಟುಹೋದ್ರ ಹೊಳ್ಳಿ ಬಂದ ಮ್ಯಾಲ ಹೊಸಾ ಶಬ್ದ ಬಂದ್ ಮಾಡಿ, ಮೊದಲು ಬಾಕಿ ಕಾರ್ಡ್ ತೀರಿಸ್ರಿ. ಮತ್ತ ಕೆಲವು ಕಾರ್ಡ್ ಇರ್ತಾವು, ಎಷ್ಟ ಸಲ ನೋಡಿದ್ರೂ ತಪ್ಪತಾವು, ಮೊದಲನೇ ಡಬ್ಬಿ ಬಿಟ್ಟು ಮ್ಯಾಲ ಹೋಗಂಗ ಇಲ್ಲ. ಅಂಥಾದರ ಜೋಡಿ ಗುದ್ದಾಡಬ್ಯಾಡ್ರಿ, ಹರದು ಒಗೀರಿ. ಬೇಕಾದ ಶಬ್ದ ಆಗಿದ್ರ ಪೇಪರ್‌ನ್ಯಾಗ ಮತ್ತ ಎದುರು ಬರ್ತೈತಿ, ಆವಾಗ ಹೊಸಾ ವಾಕ್ಯ ಬರದು ಹೊಸಾ ಕಾರ್ಡ್ ಮಾಡ್ರಿ.